ಮ್ಯಾನೇಜರ್ ಇಂಟರ್‌ವ್ಯೂಗೆ ಏನನ್ನು ಓದಿಕೊಳ್ಳುವುದು?

ಎಂಜಿನಿಯರ್ ಆಗಿ ಇಂಟರ್‌ವ್ಯೂಗೆ ತಯಾರಾಗುವುದು ಕಷ್ಟ ನಿಜ, ಆದರೆ ಅದು ದಾರಿ ಗೊತ್ತಿರುವ ಕಷ್ಟ. ಟ್ರೀ, ಗ್ರಾಫ್, ಡೈನಾಮಿಕ್ ಪ್ರೋಗ್ರಾಮಿಂಗ್ ಅಂತ ಓದಬೇಕಾದ್ದರ ಪಟ್ಟಿ ಇರುತ್ತದೆ. ಕೋಡ್ ಬರೆದು ರನ್ ಮಾಡಿದರೆ ಸರಿಯೋ ತಪ್ಪೋ ಅಲ್ಲೇ ತಿಳಿಯುತ್ತದೆ. ಎಂಜಿನಿಯರಿಂಗ್ ಮ್ಯಾನೇಜರ್ ಕೆಲಸಕ್ಕೆ ತಯಾರಾಗಲು ಕೂತರೆ ಅಂಥ ಪಟ್ಟಿಯೇ ಇರುವುದಿಲ್ಲ. "ನಿಮ್ಮ ಟೀಮಿನಲ್ಲಿ ಸರಿಯಾಗಿ ಕೆಲಸ ಮಾಡದೇ ಇದ್ದ ಒಬ್ಬರ ಬಗ್ಗೆ ಹೇಳಿ" ಅಂತ ಕೇಳಿದರೆ, ನಮ್ಮ ಉತ್ತರ ಸರಿ ಅಂತ ಹೇಳುವ ಟೆಸ್ಟ್ ಕೇಸನ್ನು ಎಲ್ಲಿಂದ ತರುವುದು?

ಹಾಗಾಗಿ ಜನ ಸಿಕ್ಕಿದ್ದನ್ನೆಲ್ಲಾ ಓದುತ್ತಾರೆ. "ಮ್ಯಾನೇಜರ್‌ಗೆ ಕೇಳುವ ನೂರು ಪ್ರಶ್ನೆಗಳು" ಥರದ್ದನ್ನು ಇಳಿಸಿಕೊಂಡು, ಒಂದೊಂದಕ್ಕೂ ಚೆಂದದ ಉತ್ತರ ಬರೆದು ಬಾಯಿಪಾಠ ಮಾಡುತ್ತಾರೆ. ನನಗೆ ಇಂಥ ಇಂಟರ್‌ವ್ಯೂಗಳಲ್ಲಿ ಪ್ರಶ್ನೆ ಕೇಳಿಯೂ ಗೊತ್ತು, ಉತ್ತರ ಕೊಟ್ಟೂ ಗೊತ್ತು. ಬಾಯಿಪಾಠದ ಉತ್ತರ ಮೊದಲ ಪ್ರಶ್ನೆಗೆ ನಿಲ್ಲುತ್ತದೆ. "ಆಮೇಲೆ ಅವರು ಏನಂದರು?" ಅನ್ನುವ ಎರಡನೇ ಪ್ರಶ್ನೆಗೆ ನಿಲ್ಲುವುದಿಲ್ಲ.

ಓದಿಕೊಳ್ಳಬೇಕಾದ್ದು ಬೇರೆಯವರ ಉತ್ತರಗಳನ್ನಲ್ಲ, ಕಳೆದ ಮೂರು ನಾಲ್ಕು ವರ್ಷ ನಾವೇ ಮಾಡಿದ ಕೆಲಸವನ್ನು. ಅದರಲ್ಲೂ ನಾವು ತೆಗೆದುಕೊಂಡ ನಿರ್ಧಾರಗಳನ್ನು. ಆ ಹೊತ್ತಿಗೆ ನಮಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಬೇರೆ ಯಾವ ದಾರಿಗಳಿದ್ದವು, ಅವನ್ನು ಯಾಕೆ ಬಿಟ್ಟೆವು. ಇಷ್ಟು ಸ್ಪಷ್ಟವಾಗಿ ನೆನಪಿದ್ದರೆ ಪ್ರಶ್ನೆ ಯಾವ ಕಡೆಯಿಂದ ಬಂದರೂ ಮಾತಾಡಬಹುದು.

ಹೇಳುವುದು ಸುಲಭ. ನೆನಪೇ ಇರುವುದಿಲ್ಲ ಅನ್ನುವುದು ನಿಜವಾದ ತೊಂದರೆ. ಕೋಡ್ ಬರೆದವರಿಗೆ ಕಮಿಟ್‌ಗಳ, ಅಂದರೆ ಮಾಡಿದ ಒಂದೊಂದು ಬದಲಾವಣೆಯ, ದಾಖಲೆ ಇರುತ್ತದೆ. ಮ್ಯಾನೇಜರ್ ಕೆಲಸ ಹಾಗೆ ಉಳಿಯುವುದಿಲ್ಲ. ಇಬ್ಬರ ಮನಸ್ತಾಪ ಜಗಳವಾಗುವ ಮೊದಲೇ ಸರಿಮಾಡಿದ್ದು, ಬಿಟ್ಟುಹೋಗಲು ಹೊರಟಿದ್ದವರನ್ನು ಉಳಿಸಿಕೊಂಡಿದ್ದು, ಬೇಡದ ಪ್ರಾಜೆಕ್ಟನ್ನು ಶುರುವಿಗೆ ಮುಂಚೆಯೇ ನಿಲ್ಲಿಸಿದ್ದು. ಇವೆಲ್ಲ ಆಗದೇ ಹೋದ ಸಂಗತಿಗಳು. ಆಗದೇ ಹೋದದ್ದಕ್ಕೆ ದಾಖಲೆ ಎಲ್ಲಿರುತ್ತದೆ?

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಹಳೆಯ ಕ್ಯಾಲೆಂಡರ್. ಒಂದೊಂದೇ ತಿಂಗಳು ಹಿಂದಕ್ಕೆ ಹೋಗುತ್ತಾ ಮೀಟಿಂಗ್‌ಗಳ ಹೆಸರು ನೋಡುತ್ತಿದ್ದರೆ ಮರೆತುಹೋಗಿದ್ದು ಮೇಲೆ ಬರುತ್ತದೆ. ಒಂದೇ ವಾರದಲ್ಲಿ ಒಬ್ಬರ ಜೊತೆಗೇ ಮತ್ತೆ ಮತ್ತೆ ಮೀಟಿಂಗ್ ಇದ್ದರೆ ಅಲ್ಲೊಂದು ಕಥೆ ಇದೆ ಅಂತಲೇ ಅರ್ಥ. ವರ್ಷದ ಕೊನೆಗೆ ನಮ್ಮ ಬಗ್ಗೆ ನಾವೇ ಬರೆದುಕೊಟ್ಟ ರಿವ್ಯೂ, ಪ್ರೊಡಕ್ಷನ್ (ಜನ ಬಳಸುತ್ತಿರುವ ಸಿಸ್ಟಂ) ಬಿದ್ದುಹೋದ ಮೇಲೆ ಯಾಕೆ ಹಾಗಾಯಿತು ಅಂತ ಬರೆದ ಪೋಸ್ಟ್‌ಮಾರ್ಟಂ, ಡಿಸೈನ್ ಡಾಕ್ಯುಮೆಂಟಿನ ಕೆಳಗೆ ನಡೆದ ವಾದ, ಇವೂ ಸಹಾಯ ಮಾಡುತ್ತವೆ. ಒಂದು ಎಚ್ಚರ: ಇವನ್ನು ಓದಿ ನೆನಪು ಮಾಡಿಕೊಳ್ಳಬೇಕೇ ಹೊರತು ಕಾಪಿ ಮಾಡಿ ಮನೆಗೆ ತರಬಾರದು. ಅದು ಕಂಪನಿಯ ಆಸ್ತಿ. ಯಾರ ಹೆಸರೂ ಇಲ್ಲದೆ ನಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆದುಕೊಂಡರೆ ಸಾಕು. ಇಂಟರ್‌ವ್ಯೂನಲ್ಲಿ ಹಳೆಯ ಕಂಪನಿಯ ಒಳಗಿನ ಅಂಕಿಅಂಶ ಬಿಚ್ಚಿಟ್ಟರೆ, ಎದುರಿಗಿದ್ದವರಿಗೆ ನಾಳೆ ನಮ್ಮದನ್ನೂ ಹೀಗೇ ಹೇಳುತ್ತಾರೆ ಅನ್ನಿಸುತ್ತದೆ.

ಹತ್ತು ಹನ್ನೆರಡು ಕಥೆಗಳು ಸಿಕ್ಕರೆ ಸಾಕು. ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡದ್ದು, ಒಬ್ಬರನ್ನು ಕಳಿಸಬೇಕಾಗಿ ಬಂದದ್ದು, ಪ್ರಮೋಷನ್ ಕೊಡಿಸಿದ್ದು, ಈ ಸಲ ಪ್ರಮೋಷನ್ ಇಲ್ಲ ಅಂತ ಹೇಳಬೇಕಾದದ್ದು, ತಡವಾದ ಪ್ರಾಜೆಕ್ಟ್, ಪ್ರೊಡಕ್ಟ್ ಮ್ಯಾನೇಜರ್ ಜೊತೆಗಿನ ಭಿನ್ನಾಭಿಪ್ರಾಯ, ನಮ್ಮ ಬಾಸ್ ಜೊತೆಗಿನ ಭಿನ್ನಾಭಿಪ್ರಾಯ. ಒಂದೇ ಕಥೆಯನ್ನು ಎರಡು ಮೂರು ಪ್ರಶ್ನೆಗಳಿಗೆ ತಿರುಗಿಸಿ ಹೇಳಬಹುದು. ಆದರೆ ಒಂದೇ ದಿನದ ಎಲ್ಲ ರೌಂಡ್‌ಗಳಲ್ಲೂ ಅದನ್ನೇ ಹೇಳಬೇಡಿ. ಕೊನೆಗೆ ಅವರೆಲ್ಲ ಒಟ್ಟಿಗೆ ಕೂತು ನೋಟ್ಸ್ ಹೋಲಿಸಿ ನೋಡುತ್ತಾರೆ.

ರೌಂಡ್‌ಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ರೆಕ್ರೂಟರ್ ಜೊತೆ ಒಂದು ಕರೆ, ಮುಂದೆ ಬಾಸ್ ಆಗಬಹುದಾದವರ ಜೊತೆ ಒಂದು ಮಾತು, ಆಮೇಲೆ ಟೀಮ್ ನಡೆಸುವುದು, ಪ್ರಾಜೆಕ್ಟ್ ಮುಗಿಸುವುದು, ಸಿಸ್ಟಂ ಡಿಸೈನ್ (ದೊಡ್ಡ ಸಾಫ್ಟ್‌ವೇರನ್ನು ಹೇಗೆ ಕಟ್ಟುವುದು ಅಂತ ಬೋರ್ಡಿನ ಮೇಲೆ ಬಿಡಿಸಿ ತೋರಿಸುವುದು), ಬೇರೆ ವಿಭಾಗದವರ ಜೊತೆ ಕೆಲಸ ಮಾಡುವುದು ಅಂತ ಒಂದೊಂದಕ್ಕೆ ಒಂದೊಂದು ರೌಂಡ್. ಕೆಲವು ಕಡೆ ಕೋಡಿಂಗೂ ಇರುತ್ತದೆ. ಇದೆಯೋ ಇಲ್ಲವೋ ಅಂತ ರೆಕ್ರೂಟರ್‌ನ ನೇರವಾಗಿ ಕೇಳಿ, ಹೇಳುತ್ತಾರೆ. ಇದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೇ ದಿನಾ ಸ್ವಲ್ಪ ಕೈ ಆಡಿಸಿ. ಅಮೆಜಾನ್‌ನಂಥ ಕಡೆ ಪ್ರಶ್ನೆಗಳು ಅವರ ಲೀಡರ್‌ಶಿಪ್ ತತ್ವಗಳ ಸುತ್ತಲೇ ತಿರುಗುತ್ತವೆ. 2021ರಲ್ಲಿ ಎರಡು ಸೇರಿ ಅವು 16 ಆದವು. ಅಲ್ಲಿ ಇಂಟರ್‌ವ್ಯೂ ಮಾಡುವವರಲ್ಲಿ ಬಾರ್ ರೇಸರ್ ಅಂತ ಒಬ್ಬರು ಇರುತ್ತಾರೆ. ಅವರು ಆ ಟೀಮಿಗೆ ಸೇರಿದವರಲ್ಲ. ಟೀಮಿಗೆ ಜನ ಬೇಕೇಬೇಕು ಅನ್ನುವ ಅವಸರ ಅವರಿಗಿಲ್ಲದಿರುವುದೇ ಅವರನ್ನು ಕೂರಿಸುವ ಉದ್ದೇಶ.

ಇನ್ನೊಂದು ಸಣ್ಣ ವಿಷಯ. ನಾವು ಮಾತಾಡುವಾಗ ಎದುರಿಗಿರುವವರು ತಲೆ ಎತ್ತದೆ ಟೈಪ್ ಮಾಡುತ್ತಿರುತ್ತಾರೆ, ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಾರೆ. ಇದನ್ನು ನೋಡಿ ಅವರಿಗೆ ಆಸಕ್ತಿ ಇಲ್ಲ ಅಂತ ಬೇಜಾರಾಗುವುದು ಬೇಡ. ಸುಮ್ನೆ ಹರಟೆಯಂತೆ ನಡೆಯುವ ಇಂಟರ್‌ವ್ಯೂಗಿಂತ ಮೊದಲೇ ಗೊತ್ತುಮಾಡಿದ ಪ್ರಶ್ನೆಗಳ ಇಂಟರ್‌ವ್ಯೂ, ಮುಂದೆ ಆ ವ್ಯಕ್ತಿ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನು ಚೆನ್ನಾಗಿ ಊಹಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಮಾಡಿ ಇದನ್ನು ತೋರಿಸಿದ್ದರು. ಇಂಟರ್‌ವ್ಯೂ ಮಾಡುವವರು ಟೈಪ್ ಮಾಡಿದ್ದೇ ಆಮೇಲೆ ನಮ್ಮ ಪರವಾಗಿ ಮಾತಾಡುವುದು. ಹಾಗಾಗಿ ಬರೆದುಕೊಳ್ಳಲು ಆಗುವಂತೆ ನಿಧಾನವಾಗಿ ಹೇಳಿ.

ಸ್ಟಾರ್ ಅನ್ನುವ ವಿಧಾನ ಎಲ್ಲರಿಗೂ ಗೊತ್ತು. ಸಂದರ್ಭ ಏನು, ನಿಮ್ಮ ಹೊಣೆ ಏನಿತ್ತು, ಏನು ಮಾಡಿದಿರಿ, ಏನಾಯಿತು. ವಿಧಾನದಲ್ಲಿ ತಪ್ಪಿಲ್ಲ. ಆದರೆ ಹೆಚ್ಚಿನವರ ಅರ್ಧ ಸಮಯ ಸಂದರ್ಭ ಹೇಳುವುದರಲ್ಲೇ ಮುಗಿಯುತ್ತದೆ. ಹಳೆಯ ಸಿಸ್ಟಂ ಹೇಗಿತ್ತು, ಅದನ್ನು ಯಾರು ಕಟ್ಟಿದ್ದರು, ಅದಕ್ಕೆ ಆ ಹೆಸರು ಯಾಕೆ ಬಂತು... ಕೇಳುವವರಿಗೆ ಇದು ಯಾವುದೂ ಬೇಡ. ನನ್ನ ಕೇಳಿದರೆ ಸಂದರ್ಭಕ್ಕೆ ಮೂರು ವಾಕ್ಯ ಸಾಕು. ಉಳಿದ ಸಮಯವನ್ನು "ಎರಡು ದಾರಿ ಇದ್ದವು, ನಾನು ಇದನ್ನು ಬಿಟ್ಟು ಅದನ್ನು ಹಿಡಿದೆ, ಕಾರಣ ಇದು" ಅನ್ನುವುದಕ್ಕೆ ಇಡಬೇಕು. ಬಿಟ್ಟ ದಾರಿಯ ಬಗ್ಗೆ ಹೇಳದ ಉತ್ತರ ಕೇಳಿದರೆ, ಅಲ್ಲಿ ನಿರ್ಧಾರವೇ ಇರಲಿಲ್ಲವೇನೋ, ಕೆಲಸ ತಾನಾಗಿ ನಡೆದುಹೋಯಿತೇನೋ ಅನ್ನಿಸುತ್ತದೆ.

ಮಾಡಿದ್ದು ಯಾರು ಅನ್ನುವುದೂ ಗೊಂದಲದ ಜಾಗ. ಟೀಮ್ ಮಾಡಿದ್ದನ್ನೆಲ್ಲ ತನ್ನದೇ ಅಂದರೆ ಅಹಂಕಾರ ಕಾಣುತ್ತದೆ. ಎಲ್ಲವನ್ನೂ ಟೀಮ್ ಮಾಡಿತು ಅಂದರೆ, ಹಾಗಾದರೆ ನೀವು ಏನು ಮಾಡಿದಿರಿ ಅಂತ ಕೇಳುತ್ತಾರೆ. ಇದಕ್ಕೆ ಜಾಣತನ ಏನೂ ಬೇಡ, ಬಿಡಿಸಿ ಹೇಳಿದರಾಯಿತು. "ಡಿಸೈನ್ ಮಾಡಿದ್ದು ಟೀಮಿನ ಸೀನಿಯರ್ ಎಂಜಿನಿಯರ್. ಅವರಿಗೆ ಸಮಯ ಸಿಗಲಿ ಅಂತ ಆ ತಿಂಗಳು ಆನ್-ಕಾಲ್‌ನಿಂದ (ಸಿಸ್ಟಂ ಕೆಟ್ಟರೆ ರಾತ್ರಿಯಾದರೂ ಎದ್ದು ನೋಡುವ ಸರದಿಯಿಂದ) ಬಿಡಿಸಿದೆ. ಅವರ ಡಿಸೈನ್ ಒಪ್ಪದಿದ್ದ ಪಕ್ಕದ ಟೀಮಿನ ಮ್ಯಾನೇಜರ್ ಜೊತೆ ಕೂತು, ಅವರ ಭಯ ಏನು ಅಂತ ತಿಳಿದುಕೊಂಡು ಬಂದೆ." ಇಷ್ಟು ಹೇಳಿದರೆ ಇಬ್ಬರ ಕೆಲಸವೂ ಕಾಣುತ್ತದೆ.

ಈಗ ಎಲ್ಲರಿಗೂ ಹೆದರಿಕೆ ಹುಟ್ಟಿಸುವ ಆ ಪ್ರಶ್ನೆಗೆ ಬರೋಣ. ಸರಿಯಾಗಿ ಕೆಲಸ ಮಾಡದ ಒಬ್ಬರ ಬಗ್ಗೆ ಹೇಳಿ. ನಾನು ಇದನ್ನು ಕೇಳುವಾಗ ಮೊದಲು ಗಮನಿಸುವುದು ಉತ್ತರವನ್ನಲ್ಲ, ಅಲ್ಲಿಲ್ಲದ ಆ ವ್ಯಕ್ತಿಯ ಬಗ್ಗೆ ಯಾವ ದನಿಯಲ್ಲಿ ಮಾತಾಡುತ್ತಾರೆ ಅನ್ನುವುದನ್ನು. "ಅವನು ಸೋಮಾರಿ" ಅಂತ ಶುರುಮಾಡಿದರೆ ಮುಂದಿನದ್ದನ್ನು ಕೇಳುವ ಉತ್ಸಾಹವೇ ಕಡಿಮೆಯಾಗುತ್ತದೆ. ಸೋಮಾರಿ ಅನ್ನುವುದು ತೀರ್ಪು. ಕಂಡದ್ದು ಏನು? ಹೇಳಿದ ದಿನಕ್ಕೆ ಕೆಲಸ ಮುಗಿಯುತ್ತಿರಲಿಲ್ಲವಾ, ಕೋಡ್ ರಿವ್ಯೂನಲ್ಲಿ ಅದೇ ತಪ್ಪುಗಳು ಮತ್ತೆ ಬರುತ್ತಿದ್ದವಾ, ಮೀಟಿಂಗ್‌ನಲ್ಲಿ ಒಪ್ಪಿಕೊಂಡು ಆಮೇಲೆ ಬೇರೆಯದನ್ನೇ ಮಾಡುತ್ತಿದ್ದರಾ? ಅದನ್ನು ನೀವೇ ನೋಡಿದಿರಾ, ಇಲ್ಲ ಬೇರೆಯವರು ಹೇಳಿದ್ದನ್ನು ನಂಬಿದಿರಾ?

ಆಮೇಲೆ ಕಾರಣ. ಒಬ್ಬರ ಕೆಲಸ ಕುಸಿಯುವುದಕ್ಕೆ ಹಲವು ಕಾರಣಗಳಿರುತ್ತವೆ. ಕೆಲಸ ಬರುವುದಿಲ್ಲ, ಏನು ಬೇಕು ಅಂತ ಯಾರೂ ಬಿಡಿಸಿ ಹೇಳಿಲ್ಲ, ಮನೆಯಲ್ಲಿ ತೊಂದರೆ ಇದೆ, ಜೊತೆಗಿರುವವರ ಜೊತೆ ಹೊಂದುತ್ತಿಲ್ಲ, ಕೆಲಸವೇ ಬೇಜಾರಾಗಿದೆ. ಒಂದೊಂದಕ್ಕೂ ಮದ್ದು ಬೇರೆ. ಕಾರಣ ಹುಡುಕದೆ ನೇರವಾಗಿ ಸುಧಾರಣೆಯ ಗಡುವಿನ ಕಾಗದ ಕೈಗೆ ಕೊಟ್ಟೆ ಅನ್ನುವ ಉತ್ತರಗಳು ಬೇಕಾದಷ್ಟು ಬರುತ್ತವೆ. ಒಳ್ಳೆಯ ಉತ್ತರದಲ್ಲಿ ಮೊದಲ ಮಾತುಕತೆಯ ವಿವರ ಇರುತ್ತದೆ. ಏನು ಹೇಳಿದೆ, ಅವರು ಏನಂದರು, ಒಪ್ಪಿದರಾ, ಸಿಟ್ಟಾದರಾ. ಮುಂದೆ ಏನು ಬದಲಾಗಬೇಕು ಅನ್ನುವುದನ್ನು ಬರೆದುಕೊಟ್ಟದ್ದು, ವಾರಕ್ಕೊಮ್ಮೆ ಕೂತು ನೋಡಿದ್ದು, ಎಚ್‌ಆರ್‌ಗೆ ಯಾವಾಗ ತಿಳಿಸಿದ್ದು ಇರುತ್ತದೆ. ಕೊನೆಗೆ ಆ ವ್ಯಕ್ತಿ ಸುಧಾರಿಸಿದರೂ ಸರಿ, ಬಿಟ್ಟುಹೋದರೂ ಸರಿ. ಸುಖಾಂತ್ಯವೇ ಬೇಕು ಅಂತ ಯಾರೂ ಕಾಯುತ್ತಿರುವುದಿಲ್ಲ.

ಇದರ ಬಾಲಕ್ಕೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, ಟೀಮಿನ ಉಳಿದವರಿಗೆ ಏನು ಹೇಳಿದಿರಿ? ಅವರಿಗೂ ಎಲ್ಲ ಕಾಣುತ್ತಿರುತ್ತದೆ, ಅವರ ಮೇಲೂ ಹೊರೆ ಬಿದ್ದಿರುತ್ತದೆ. ಹಾಗಂತ ಒಬ್ಬರ ವಿಷಯವನ್ನು ಎಲ್ಲರೆದುರು ಹೇಳುವಂತಿಲ್ಲ. ಹೊರೆಯ ಬಗ್ಗೆ ಮಾತಾಡಬಹುದು, ವ್ಯಕ್ತಿಯ ಬಗ್ಗೆ ಅಲ್ಲ. ಇನ್ನೊಂದು, ಮತ್ತೆ ಇಂಥ ಸಂದರ್ಭ ಬಂದರೆ ಏನು ಬೇರೆ ಥರ ಮಾಡುತ್ತೀರಿ? ಹೆಚ್ಚುಕಡಿಮೆ ಎಲ್ಲರೂ "ಇನ್ನೂ ಬೇಗ ಮಾತಾಡುತ್ತಿದ್ದೆ" ಅನ್ನುತ್ತಾರೆ. ಅದು ನಿಜವೇ ಇರಬಹುದು, ಆದರೆ ಎಲ್ಲರೂ ಅದನ್ನೇ ಹೇಳಿದರೆ ಕೇಳುವವರಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ಯಾವ ಗುರುತು ಕಂಡಾಗಲೇ ಮಾತಾಡಬಹುದಿತ್ತು, ಆಗ ಯಾಕೆ ಸುಮ್ಮನಿದ್ದಿರಿ, ಈಗ ಆ ಗುರುತನ್ನು ಹಿಡಿಯಲು ಏನು ಮಾಡುತ್ತಿದ್ದೀರಿ? ಅಷ್ಟು ಮುಂದಕ್ಕೆ ಹೋದ ಉತ್ತರ ನೆನಪಿನಲ್ಲಿ ಉಳಿಯುತ್ತದೆ.

ತಮಾಷೆ ಅಂದರೆ ಈ ಪ್ರಶ್ನೆಗೆ ವಾರಗಟ್ಟಲೆ ತಯಾರಾದವರು ಅದರ ಉಲ್ಟಾ ಪ್ರಶ್ನೆಗೆ ತಡವರಿಸುತ್ತಾರೆ. ನಿಮ್ಮ ಟೀಮಿನ ಅತ್ಯುತ್ತಮ ಎಂಜಿನಿಯರ್‌ಗೆ ನೀವು ಏನು ಮಾಡಿದಿರಿ? "ಅವರಿಗೆ ಏನೂ ಹೇಳಬೇಕಾಗಿರಲಿಲ್ಲ, ತಾನೇ ಮಾಡಿಕೊಂಡು ಹೋಗುತ್ತಿದ್ದರು" ಅನ್ನುವುದು ಹೊಗಳಿಕೆಯಂತೆ ಕೇಳಿಸುತ್ತದೆ. ಕೇಳುವವರಿಗೆ ಅದು ನಿರ್ಲಕ್ಷ್ಯದಂತೆ ಕೇಳಿಸುತ್ತದೆ. ಅಂಥವರೇ ಅಲ್ವಾ ಒಂದು ದಿನ ಇದ್ದಕ್ಕಿದ್ದಂತೆ ರಾಜೀನಾಮೆ ಕೊಡುವುದು?

ಟೀಮನ್ನೇ ನಡೆಸಿಲ್ಲ, ಇದೇ ಮೊದಲ ಮ್ಯಾನೇಜರ್ ಕೆಲಸ ಅನ್ನುವವರಿಗೂ ಕಥೆಗಳು ಇರುತ್ತವೆ. ಹೊಸಬರಿಗೆ ಕೆಲಸ ಕಲಿಸಿದ್ದು, ಪ್ರೊಡಕ್ಷನ್ ಬಿದ್ದಾಗ ಮುಂದೆ ನಿಂತು ಎಲ್ಲರನ್ನೂ ಸೇರಿಸಿದ್ದು, ಟೆಕ್ ಲೀಡ್ ಆಗಿ ಕೆಲಸ ಹಂಚಿದ್ದು. ಅವರಿಗೆ ಕಷ್ಟವಾಗುವುದು "ಯಾಕೆ ಮ್ಯಾನೇಜರ್ ಆಗಬೇಕು?" ಅನ್ನುವ ಪ್ರಶ್ನೆ. ಮುಂದಿನ ಮೆಟ್ಟಿಲು ಅದೇ ತಾನೇ ಅನ್ನುವ ಉತ್ತರ ಈಗ ನಡೆಯುವುದಿಲ್ಲ. ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಅಂತ ಕೋಡಿನ ದಾರಿಯಲ್ಲೇ ಮೇಲೆ ಹೋಗುವ ಅವಕಾಶ ಬಹಳಷ್ಟು ಕಂಪನಿಗಳಲ್ಲಿದೆ. ನಿರ್ಧಾರ ನನ್ನ ಕೈಯಲ್ಲಿರಬೇಕು ಅನ್ನುವುದು ಇನ್ನೂ ಕೆಟ್ಟ ಉತ್ತರ. ಇದನ್ನು ಇಂಟರ್‌ವ್ಯೂಗಿಂತ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.

ಮ್ಯಾನೇಜರ್ ಅನ್ನುವವರು ಬೇಕೇ ಅನ್ನುವ ಪ್ರಶ್ನೆಯನ್ನು ಗೂಗಲ್ ನಿಜವಾಗಿಯೂ ಕೇಳಿಕೊಂಡಿತ್ತು. 2002ರಲ್ಲಿ ಅಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಅಂತ ಪ್ರಯೋಗ ಮಾಡಿದರು. ಕೆಲವೇ ತಿಂಗಳಲ್ಲಿ ಕೈಬಿಡಬೇಕಾಯಿತು. ಖರ್ಚಿನ ಬಿಲ್ಲುಗಳು, ಇಬ್ಬರ ನಡುವಿನ ಮನಸ್ತಾಪ ಎಲ್ಲವನ್ನೂ ಜನ ನೇರವಾಗಿ ಗೂಗಲ್ ಕಟ್ಟಿದವರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಹತ್ತಿರ ತರಲು ಶುರುಮಾಡಿದ್ದರು. ಕೆಲವು ವರ್ಷಗಳ ನಂತರ ಅದೇ ಕಂಪನಿ ಪ್ರಾಜೆಕ್ಟ್ ಆಕ್ಸಿಜನ್ ಅನ್ನುವ ಅಧ್ಯಯನ ಮಾಡಿ ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಕಾಣುವ 8 ನಡವಳಿಕೆಗಳನ್ನು ಗುರುತಿಸಿತು. ಮೊದಲನೆಯದು ಒಳ್ಳೆಯ ಕೋಚ್ ಆಗಿರುವುದು. ತಾಂತ್ರಿಕ ಜ್ಞಾನ ಕೊನೆಯದು. ಇದನ್ನು ಹಿಡಿದುಕೊಂಡು "ಹಾಗಾದರೆ ಸಿಸ್ಟಂ ಡಿಸೈನ್ ಓದಬೇಕಾಗಿಲ್ಲ" ಅನ್ನುವವರೂ ಇದ್ದಾರೆ. ಕೊನೆಯಲ್ಲಿದ್ದರೂ ಅದು ಪಟ್ಟಿಯಲ್ಲಿದೆ, ಸ್ವಾಮಿ.

ಆದರೆ ಮ್ಯಾನೇಜರ್‌ನ ಸಿಸ್ಟಂ ಡಿಸೈನ್ ರೌಂಡಿನ ಗುರಿಯೇ ಸ್ವಲ್ಪ ಬೇರೆ. ಲೆಕ್ಕ ಬರಬೇಕು, ಅದರಲ್ಲಿ ಅನುಮಾನ ಇಲ್ಲ. ದಿನಕ್ಕೆ 86,400 ಸೆಕೆಂಡ್. ದಿನಕ್ಕೆ 10 ಕೋಟಿ ರಿಕ್ವೆಸ್ಟ್ ಬಂದರೆ ಸರಾಸರಿ ಸೆಕೆಂಡಿಗೆ ಸುಮಾರು 1,160. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಅದು ಇನ್ನೂ ಹಲವು ಪಟ್ಟು. ಕ್ಯಾಶ್ ಎಲ್ಲಿ, ಕ್ಯೂ ಎಲ್ಲಿ, ಡೇಟಾಬೇಸನ್ನು ಹೇಗೆ ಒಡೆಯುವುದು ಅನ್ನುವುದೂ ಗೊತ್ತಿರಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಅದು ಎಂಜಿನಿಯರ್ ಉತ್ತರ. ಸಿಸ್ಟಂ 99.9 ಶೇಕಡಾ ಸಮಯ ನಡೆಯುತ್ತಿದ್ದರೆ ಸಾಕು ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಬಿದ್ದಿರಬಹುದು. 99.99 ಬೇಕು ಅಂದರೆ ಸುಮಾರು 52 ನಿಮಿಷ ಮಾತ್ರ. ಆ ಇನ್ನೊಂದು ಒಂಬತ್ತು ಯಾರಿಗೆ ಬೇಕು? ಅದಕ್ಕಾಗಿ ರಾತ್ರಿ ಏಳುವವರು ಯಾರು? ನಾಲ್ಕು ಜನರ ಟೀಮಿನಲ್ಲಿ ಆನ್-ಕಾಲ್ ಹಾಕಿದರೆ ಪ್ರತಿಯೊಬ್ಬರಿಗೂ ತಿಂಗಳಿಗೊಂದು ವಾರ ನಿದ್ದೆಯ ಭರವಸೆ ಇಲ್ಲ. ಇದನ್ನು ಎಷ್ಟು ಜನ ಕಟ್ಟುತ್ತಾರೆ, ಮೊದಲು ಯಾವ ಭಾಗ, ಹಳೆಯದರಿಂದ ಹೊಸದಕ್ಕೆ ಹೋಗುವಾಗ ಎರಡನ್ನೂ ಎಷ್ಟು ದಿನ ನಡೆಸಬೇಕು? ಬೋರ್ಡಿನ ಮೇಲೆ ಡಬ್ಬಿ ಬರೆಯುತ್ತಾ ಬರೆಯುತ್ತಾ ಇವನ್ನೂ ಹೇಳಿದರೆ ಮ್ಯಾನೇಜರ್ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಸಿಸ್ಟಂನ ಆಕಾರ ಅದನ್ನು ಕಟ್ಟಿದ ಸಂಸ್ಥೆಯೊಳಗಿನ ಮಾತುಕತೆಯ ಆಕಾರವನ್ನೇ ಹೋಲುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಡಬ್ಬಿಗಳ ನಡುವೆ ಗೆರೆ ಎಳೆಯುವಾಗ ಟೀಮುಗಳ ನಡುವೆಯೂ ಎಳೆಯುತ್ತಿದ್ದೇವೆ ಅನ್ನುವುದು ನೆನಪಿರಲಿ.

ಪ್ರಾಜೆಕ್ಟ್ ತಡವಾಗುತ್ತಿದೆ, ಏನು ಮಾಡುತ್ತೀರಿ ಅಂತ ಕೇಳಿದಾಗ ಇನ್ನಿಬ್ಬರನ್ನು ಸೇರಿಸುತ್ತೇನೆ ಅನ್ನುವ ಉತ್ತರ ಈಗಲೂ ಬರುತ್ತದೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ ಹೇಳಿದ್ದು 1975ರಲ್ಲಿ. ಹೊಸಬರಿಗೆ ಕಲಿಸಲು ಹಳಬರೇ ಕೆಲಸ ಬಿಟ್ಟು ಕೂರಬೇಕು. ಜೊತೆಗೆ, 5 ಜನರಿದ್ದಾಗ ಇಬ್ಬಿಬ್ಬರ ನಡುವೆ 10 ಜೋಡಿ ಮಾತುಕತೆ. 10 ಜನರಾದರೆ 45. ಈ ನಿಯಮದ ಹೆಸರು ಹೇಳಿದರೆ ಅಂಕ ಸಿಗುತ್ತದೆ ಅಂತಲ್ಲ. ಏನನ್ನು ಕೈಬಿಟ್ಟಿರಿ, ತಡವಾಗುತ್ತದೆ ಅಂತ ಯಾವ ವಾರ ಯಾರಿಗೆ ಹೇಳಿದಿರಿ, ಅವರು ಒಪ್ಪದಿದ್ದಾಗ ಏನು ಮಾಡಿದಿರಿ ಅನ್ನುವುದು ಮುಖ್ಯ. ಯಾವ ಅಂಕಿ ನೋಡಿ ಟೀಮ್ ಚೆನ್ನಾಗಿದೆ ಅಂತ ತಿಳಿಯುತ್ತೀರಿ ಅಂತಲೂ ಕೇಳಬಹುದು. ಎಷ್ಟು ಸಲ ರಿಲೀಸ್ ಮಾಡುತ್ತೇವೆ, ಬರೆದ ಕೋಡ್ ಬಳಸುವವರ ಕೈಗೆ ಹೋಗಲು ಎಷ್ಟು ಹೊತ್ತು, ಎಷ್ಟು ರಿಲೀಸ್ ಕೆಡುತ್ತವೆ, ಕೆಟ್ಟಿದ್ದನ್ನು ಎಷ್ಟು ಬೇಗ ಸರಿಮಾಡುತ್ತೇವೆ. ಡೋರಾ ಅಂತ ಕರೆಯುವ ಈ ನಾಲ್ಕು ಅಳತೆ ಗೊತ್ತಿದ್ದರೆ ಒಳ್ಳೆಯದು. ಯಾವ ಅಳತೆಯನ್ನು ಬೇಕಂತಲೇ ನೋಡುವುದಿಲ್ಲ ಅಂತ ಹೇಳಲು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅಂತ ಟೀಮ್ ತಾನೇ ಅಂದಾಜಿನಲ್ಲಿ ಕೊಟ್ಟುಕೊಳ್ಳುವ ಅಂಕ) ಲೆಕ್ಕ ಹಿಡಿದು ಎರಡು ಟೀಮುಗಳನ್ನು ಹೋಲಿಸುವವರ ಬಗ್ಗೆ ನನಗಂತೂ ತಾಳ್ಮೆ ಇಲ್ಲ.

ತಯಾರಿಯನ್ನು ಮನಸ್ಸಿನಲ್ಲೇ ಮುಗಿಸಬೇಡಿ. ಬಾಯಿಬಿಟ್ಟು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೇಳಲು ಹಿಂಸೆಯಾಗುತ್ತದೆ, ಆದರೂ ಕೇಳಿ. ಎರಡು ಮೂರು ನಿಮಿಷದಲ್ಲಿ ಮುಗಿಯಬೇಕಾದ ಕಥೆ ಎಲ್ಲಿ ಎಳೆಯುತ್ತಿದೆ ಅಂತ ತಿಳಿಯುತ್ತದೆ. ನಿಮ್ಮ ಕಂಪನಿಯವರಲ್ಲದ ಗೆಳೆಯರೊಬ್ಬರನ್ನು ಕೂರಿಸಿಕೊಂಡು ಹೇಳಿದರೆ ಇನ್ನೂ ಉತ್ತಮ. ಅವರಿಗೆ ಅರ್ಥವಾಗದ ಪದವೆಲ್ಲ ಒಳಗಿನ ಪದ. ಎಐ ಚಾಟ್ ಹತ್ತಿರ ಮರುಪ್ರಶ್ನೆ ಕೇಳಿಸಿಕೊಂಡು ಅಭ್ಯಾಸ ಮಾಡಬಹುದು, ಅದರಲ್ಲಿ ಅದು ಚೆನ್ನಾಗಿದೆ. ಉತ್ತರವನ್ನೇ ಬರೆಸಿಕೊಂಡರೆ ಮಾತ್ರ ಎಲ್ಲರ ಉತ್ತರವೂ ಒಂದೇ ಥರ ಆಗುತ್ತದೆ.

ಕೊನೆಯ ಐದು ನಿಮಿಷ ನಮ್ಮ ಪ್ರಶ್ನೆಗಳಿಗೆ ಇರುತ್ತದೆ. ಅದನ್ನು ಮರ್ಯಾದೆಗೆ ಕೊಟ್ಟ ಸಮಯ ಅಂದುಕೊಂಡು "ಕಂಪನಿಯ ಸಂಸ್ಕೃತಿ ಹೇಗಿದೆ?" ಅಂತ ಕೇಳಿ ಮುಗಿಸುವವರೇ ಜಾಸ್ತಿ. ಚೆನ್ನಾಗಿದೆ ಅನ್ನುತ್ತಾರೆ, ಇನ್ನೇನು ಅನ್ನುತ್ತಾರೆ? ಈ ಜಾಗ ಯಾಕೆ ಖಾಲಿಯಾಯಿತು ಅಂತ ಕೇಳಿ. ಹೊಸ ಟೀಮಾ, ಇಲ್ಲ ಹಿಂದಿನ ಮ್ಯಾನೇಜರ್ ಬಿಟ್ಟುಹೋದರಾ? ನೇರವಾಗಿ ನಿಮಗೆ ರಿಪೋರ್ಟ್ ಮಾಡುವವರು ಎಷ್ಟು ಜನ? ಪ್ರಮೋಷನ್ ಯಾರು ನಿರ್ಧರಿಸುತ್ತಾರೆ, ಮ್ಯಾನೇಜರ್ ಮಾತಿಗೆ ಅಲ್ಲಿ ಎಷ್ಟು ಬೆಲೆ? ಕಳೆದ ತಿಂಗಳು ಆನ್-ಕಾಲ್ ಇದ್ದವರನ್ನು ರಾತ್ರಿ ಎಷ್ಟು ಸಲ ಎಬ್ಬಿಸಲಾಯಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದೂ ಒಂದು ಉತ್ತರವೇ.

ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೌಂಡಿನಲ್ಲಿ ಇಬ್ಬರಿಗೆ ಕೇಳುವುದು ನನ್ನ ಅಭ್ಯಾಸ. ಟೀಮಿನ ದೊಡ್ಡ ತೊಂದರೆ ಏನು? ಬಾಸ್ ಆಗಬಹುದಾದವರು "ಕೆಲಸದ ವೇಗ ಸಾಲದು" ಅನ್ನುತ್ತಾರೆ. ಟೀಮಿನ ಎಂಜಿನಿಯರ್ "ಏನು ಕಟ್ಟಬೇಕು ಅನ್ನುವುದು ವಾರಕ್ಕೊಮ್ಮೆ ಬದಲಾಗುತ್ತದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಕೆಲಸ ಒಪ್ಪಿಕೊಂಡರೆ ಮೊದಲ ಮೂರು ತಿಂಗಳು ಆ ಎರಡು ಉತ್ತರಗಳ ಮಧ್ಯೆಯೇ ಓಡಾಡಬೇಕಾಗುತ್ತದೆ. ಆಫರ್ ಬಂದ ಮೇಲೂ ಟೀಮಿನ ಒಂದಿಬ್ಬರ ಜೊತೆ ಮಾತಾಡಬೇಕು ಅಂತ ಕೇಳಬಹುದು. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಬೇಡ ಅಂದರೆ, ಯಾಕೆ ಅಂತ ರೆಕ್ರೂಟರ್‌ನ ಕೇಳಿ.